ಯುರೋಪಿಗೆ ಹೊರಟ ಕೊಬ್ಬರಿ ಯಂತ್ರ

ಲೇತ್ ಅಂಗಡಿ ಇಟ್ಟುಕೊಂಡವರ ಮನೆಯಲ್ಲಿ ನಗುವುದಕ್ಕೆ ಏನಾದರೊಂದು ಆಗುತ್ತಲೇ ಇರುತ್ತದೆ. ಎಂಬತ್ತನೇ ಇಸವಿಯ ಆಚೀಚೆ ಇರಬೇಕು, ಗುಬ್ಬಿಯಲ್ಲಿ ನಮ್ಮ ಯಜಮಾನರು ಒಂದು ಯಂತ್ರ ಮಾಡಿದರು. ಒಣಗಿದ ತೆಂಗಿನಕಾಯಿ ಇಟ್ಟು ಹಿಡಿ ಒತ್ತಿದರೆ ಚಿಪ್ಪು ಮಾತ್ರ ಒಡೆದು ಕೊಬ್ಬರಿ ಇಡಿಯಾಗಿ ಆಚೆ ಬರುತ್ತಿತ್ತು. ತುಮಕೂರಿನ ವಕೀಲರು ನಕ್ಷೆ ನೋಡಿ, "ಇದನ್ನೇ ಸಣ್ಣದು ಮಾಡಿದ್ರೆ ಯುರೋಪಿನೋರು ಅಕ್ರೋಟು ಒಡೀತಾರೆ. ಅಲ್ಲಿ ಪೇಟೆಂಟ್ ತಗೊಳ್ಳಿ. ನಿಮ್ಮನ್ನ ಕೇಳದೆ ಇನ್ನೊಬ್ರು ಮಾಡಂಗಿಲ್ಲ" ಅಂದರು. ಅವತ್ತಿಂದ ಇವರಿಗೆ ಊಟ, ನಿದ್ದೆ ಎಲ್ಲಾ ಅದೇ.

ಯಾವ್ಯಾವ ದೇಶ?

"ಮುಂಚೆ ದೇಶಕ್ಕೊಂದು ಅರ್ಜಿ ಹಾಕಬೇಕಿತ್ತು. ಈಗ ಒಂದೇ ಕಚೇರಿ, ಒಂದೇ ಅರ್ಜಿ. ಯಾವ್ಯಾವ ದೇಶ ಬೇಕೋ ಹೆಸರು ಹೇಳಿ" ಅಂದರು ವಕೀಲರು.

"ಒಬ್ರಿಗೆ ಹೇಳಿ ಇನ್ನೊಬ್ರನ್ನ ಬಿಟ್ರೆ ಬೇಜಾರು ಮಾಡ್ಕೋತಾರೆ ಸ್ವಾಮಿ. ಎಲ್ಲಾ ಹಾಕ್ಬುಡಿ."

"ಹೆಸರು ಹೆಸರಿಗೂ ಫೀಸಿದೆ. ಮಂಜೂರಾದ ಮೇಲೆ ಆಯಾ ದೇಶದ ಭಾಷೆಗೆ ತರ್ಜುಮೆ ಬೇರೆ ಮಾಡಿಸಬೇಕು."

ಇವರು ಗಲ್ಲ ಕೆರೆದುಕೊಂಡು, "ಹಂಗಾದ್ರೆ ಅಕ್ರೋಟು ಜಾಸ್ತಿ ತಿನ್ನೋರನ್ನ ಮಾತ್ರ ಹಾಕಿ. ಮಿಕ್ಕೋರು ಬಾಗಿಲ ಸಂದೀಲೇ ಒಡ್ಕೊಳ್ಳಿ" ಅಂದರು.

ಹಳೇ ಸೀರೆಯ ಕೆಳಗೆ

ಅರ್ಜಿ ಸೇರುವ ತನಕ ಯಂತ್ರವನ್ನು ಹೊರಗಿನವರು ನೋಡಬಾರದು ಅಂತ ವಕೀಲರು ಕಟ್ಟುನಿಟ್ಟಾಗಿ ಹೇಳಿದ್ದರು. ಜನಕ್ಕೆ ಗೊತ್ತಾದರೆ ಅದು ಹೊಸದಲ್ಲ. ಹೊಸದಲ್ಲದಿದ್ದರೆ ಆ ದೇಶಗಳಲ್ಲಿ ಒಂದೂ ಪೇಟೆಂಟ್ ಸಿಗುವುದಿಲ್ಲ. ಇವರು ಮನೆಗೆ ಬಂದವರೇ ಯಂತ್ರಕ್ಕೆ ನನ್ನ ಹಳೇ ಸೀರೆ ಹೊದಿಸಿದರು.

ಕುಣಿಗಲ್ಲಿನಿಂದ ಬಂದ ನಮ್ಮಣ್ಣನಿಗೂ ತೋರಿಸಲಿಲ್ಲ. "ಏನ್ ಭಾವ, ಹೆಣ್ಣು ಕೊಟ್ಟೋರ ಹತ್ರಾನೂ ಮುಚ್ಚಿಡದಾ?" ಅಂತ ಅವನು ಮುನಿಸಿಕೊಂಡ.

"ಹೆಣ್ಣು ನೋಡಕ್ ಬಂದಾಗ ನೀವೇನು ಮುಖ ಪೂರ್ತಿ ತೋರಿಸಿದ್ರಾ? ತಾಳಿ ಕಟ್ಟೋಗಂಟ ನಾನು ಕಾಯ್ಲಿಲ್ವಾ!"

ಆಯುಧಪೂಜೆ

ನಮ್ಮತ್ತೆಗೆ ಆ ಸೀರೆ ಕಂಡರೇ ಸಂಕಟ. ನಮ್ಮಲ್ಲಿ ಹೊಸದೇನೇ ಬರಲಿ, ಅರಿಶಿನ ಕುಂಕುಮ ಇಟ್ಟು, ನಾಲ್ಕು ಜನ ನೋಡಿ "ಚೆನ್ನಾಗದೆ" ಅಂದ ಮೇಲೇ ಅದು ನಮ್ಮದಾಗೋದು. ಯುರೋಪಿನಲ್ಲಿ ಯಾರೂ ನೋಡದಿದ್ದರೇ ನಮ್ಮದು. ಎರಡರಲ್ಲಿ ಯಾವುದು ಸರಿ ಅಂತ ನನಗೆ ಇವತ್ತಿಗೂ ಹೇಳೋಕಾಗಲ್ಲ.

ಹಬ್ಬದ ದಿನ ಇವರು ವಕೀಲರನ್ನು ಕರೆತರಲು ತುಮಕೂರಿಗೆ ಹೋದರು. ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡಿ, ಹಬ್ಬ ಕಳೆದ ಕೂಡಲೇ ಅರ್ಜಿ ಕಳಿಸುವ ಮಾತಾಗಿತ್ತು. ನಾನು ಹಿತ್ತಲಲ್ಲಿ ಹೂರಣ ರುಬ್ಬುತ್ತಿದ್ದೆ. ಗದ್ದಲ ಕೇಳಿ ಮುಂದಕ್ಕೆ ಬರುವುದಕ್ಕೂ ಅವರಿಬ್ಬರೂ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಬೀದಿಗೆ ಬೀದಿಯೇ ನಮ್ಮ ಅಂಗಡಿಯೊಳಗಿತ್ತು. ಯಂತ್ರಕ್ಕೆ ಚೆಂಡುಹೂವಿನ ಹಾರ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಡಿ ಒತ್ತುತ್ತಿದ್ದಾರೆ. ಎಲ್ಲರ ಬಾಯಲ್ಲೂ ಕೊಬ್ಬರಿ.

ನಮ್ಮ ಯಜಮಾನರು ಒಳಗೆ ನುಗ್ಗಿ ಆ ಹಳೇ ಸೀರೆ ಹುಡುಕತೊಡಗಿದರು. ವಕೀಲರು ಕೊನೇ ಆಸೆಯಿಂದ ಕೇಳಿದರು: "ಅಮ್ಮಾ, ಹೂವಿನ ಮರೇಲಿ ಒಳಗಿನ ಕೆಲಸ ಯಾರಿಗೂ ಕಂಡಿರಲ್ಲ, ಅಲ್ವಾ?"

ಅತ್ತೆಗೆ ಅವಮಾನವೇ ಆದಂಗಾಯಿತು. "ಕಾಣ್ದೆ ಏನು? ತಿಳೀದೋರಿಗೆಲ್ಲಾ ಬಿಚ್ಚಿ ಬಿಚ್ಚಿ ತೋರಿಸ್ದೆ ಕಣಪ್ಪ. ಊರಲ್ಲಿ ಇದನ್ನ ನೋಡದೆ ಇರೋನು ಅಂದ್ರೆ ನೀನೊಬ್ನೇ. ಬಾ, ಕೂತ್ಕೋ!"