ಫಿಂಟನ್ ಲೂಬಿಯ ಹಸಿರು ಕೋಟು

ಶನಿವಾರ ಕೊಂಡ ಕೋಟು ಮಂಗಳವಾರ ಬೆಳಿಗ್ಗೆ ಮೊದಲ ಮಳೆ ಕಂಡಿತು. ಕಿಲ್‌ವಾರಾದಲ್ಲಿ ನಡುವೆ ಎರಡು ದಿನ ಮಳೆ ಬಾರದೆ ಇದ್ದದ್ದೇ ಸೋಜಿಗ. ಇಲ್ಲದಿದ್ದರೆ ವಿಷಯ ಇನ್ನೂ ಬೇಗ ತಿಳಿಯುತ್ತಿತ್ತು. ಮನೆಯಿಂದ ಲೈಬ್ರರಿಗೆ ಹತ್ತು ನಿಮಿಷದ ದಾರಿ. ಫಿಂಟನ್ ಲೂಬಿ ಒಳಗೆ ಬಂದು ಕೋಟು ಬಿಚ್ಚಿದಾಗ ಅವನ ಕತ್ತು, ಮಣಿಕಟ್ಟು, ಅಂಗಿಯ ಕಾಲರು ಎಲ್ಲ ಎಲೆಕೋಸು ಬೇಯಿಸಿದ ನೀರಿನ ಬಣ್ಣಕ್ಕೆ ತಿರುಗಿದ್ದವು. ಕೋಟಿನೊಳಗೆ ಹೊಲಿದಿದ್ದ ಚೀಟಿಯಲ್ಲಿ ಮಾತ್ರ ‘ಅಪ್ಪಟ ಉಣ್ಣೆ, ನೀರು ಇಳಿಯದು, ಬಣ್ಣ ಬಿಡದು’ ಎಂಬ ಅಕ್ಷರಗಳು ಒಂದಿಷ್ಟೂ ಮಾಸದೆ ಹೊಳೆಯುತ್ತಿದ್ದವು.

ಫಿಂಟನ್ ಆ ಊರಿನ ಲೈಬ್ರರಿಯನ್. ಪುಟದ ಮೂಲೆಯಲ್ಲಿ ಚಹಾದ ಹನಿ ಕಂಡರೂ ತಂದವರನ್ನು ನಿಲ್ಲಿಸಿ ಬುದ್ಧಿ ಹೇಳುವ ಮನುಷ್ಯ. ಅಂಥವನ ಹೆಬ್ಬೆಟ್ಟೇ ಅಂದು ಒಂದರ ಹಿಂದೊಂದು ಏಳು ಪುಸ್ತಕಗಳ ಮೇಲೆ ಹಸಿರು ಗುರುತು ಒತ್ತಿತು. ಎಂಟನೆಯ ಪುಸ್ತಕ ಪಕ್ಕದ ಮನೆಯ ಬ್ರೀಡಾ ಟೂಹಿಯದು.

ಬ್ರೀಡಾ ಹೆಬ್ಬೆಟ್ಟನ್ನು ನೋಡಿದಳು, ಕತ್ತನ್ನು ನೋಡಿದಳು. “ಗ್ಯಾರಿಹಿ ಅಂಗಡೀದಾ?” ಎಂದು ಮೆಲ್ಲಗೆ ಕೇಳಿದಳು.

ಫಿಂಟನ್ ತಲೆಯಾಡಿಸಿದ.

ಅಷ್ಟಾದದ್ದೇ ತಡ, ಅವಳ ಬಾಯಿ ತೆರೆದುಕೊಂಡಿತು. ಅದೇ ಅಂಗಡಿಯಿಂದ ತಂದ ಸ್ಕರ್ಟಿನ ಹೊಲಿಗೆ, ಚರ್ಚಿನಲ್ಲಿ ಮೊಣಕಾಲೂರಿದ ಗಳಿಗೆಯಲ್ಲೇ ಸೊಂಟದಿಂದ ಕೆಳಗೆ ಬಿಟ್ಟುಕೊಂಡಿತ್ತಂತೆ. ಪೂಜೆ ಮುಗಿದು ಎಲ್ಲರೂ ಹೊರಡುವ ತನಕ ಅವಳು ಪ್ರಾರ್ಥನೆ ಮಾಡುತ್ತಲೇ ಇರಬೇಕಾಯಿತಂತೆ. ಮೀನು ಹಿಡಿಯುವ ಪುಸ್ತಕ ಹುಡುಕುತ್ತಿದ್ದ ಕಸಾಯಿ ಡೋನಲ್ ಕರ್ಬಿ ಇದನ್ನು ಕೇಳಿ ಹತ್ತಿರ ಬಂದ. ಅವನ ಸ್ವೆಟರು ಒಂದೇ ಒಗೆತಕ್ಕೆ ಮೊಣಕಾಲಿಗೆ ಇಳಿದಿತ್ತು. ಈಗ ಅದರ ಮೇಲೆ ನಾಯಿ ಮಲಗುತ್ತದೆ, ಅದೂ ಒಲ್ಲದ ಮನಸ್ಸಿನಿಂದ.

ಹಾಗಾದರೆ ನೀವ್ಯಾಕೆ ಹೋಗಿ ಕೇಳಲಿಲ್ಲ ಎಂದ ಫಿಂಟನ್. ಇಬ್ಬರೂ ನೆಲ ನೋಡಿದರು. ಊರಲ್ಲಿ ಯಾರಿಗೆ ಮಗುವಾದರೂ ಮೊದಲ ಕಾಲುಚೀಲ ಮಿಸೆಸ್ ಗ್ಯಾರಿಹಿಯದು. ಯಾರ ಮನೆಯಲ್ಲಿ ಸಾವಾದರೂ ಮೊದಲ ತಟ್ಟೆ ಸ್ಯಾಂಡ್‌ವಿಚ್ ಅವರದು. ಅಂಥ ಹೆಂಗಸಿನ ಮುಖ ನೋಡಿ, ನಿಮ್ಮ ಬಟ್ಟೆ ಕಳಪೆ ಅನ್ನುವುದಕ್ಕೆ ಯಾರಿಗೆ ನಾಲಿಗೆ ಬರುತ್ತದೆ?

“ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಸರಿ. ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಊರಿಗೇ ಗೊತ್ತು,” ಎಂದಳು ಬ್ರೀಡಾ. ಬೆನ್ನಿಗೆ ನಾವಿದ್ದೇವೆ ಎಂದ ಡೋನಲ್. ಮಧ್ಯಾಹ್ನ ಲೈಬ್ರರಿಗೆ ಬೀಗ ಹಾಕಿ ಮೂವರೂ ಹೊರಟರು.

ಮಿಸೆಸ್ ಗ್ಯಾರಿಹಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ನಿಂತಿದ್ದರು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗೆ. ಫಿಂಟನ್ ಬಾಯಿ ತೆರೆಯುವ ಮೊದಲೇ ಅವರು ಬ್ರೀಡಾಳತ್ತ ತಿರುಗಿ, ಆ ಸ್ಕರ್ಟು ಹೇಗಿದೆಯಮ್ಮ ಎಂದು ವಿಚಾರಿಸಿದರು.

“ತುಂಬ ಚೆನ್ನಾಗಿದೆ, ಮಿಸೆಸ್ ಗ್ಯಾರಿಹಿ. ಹೊಲಿಗೆ ಅಂದ್ರೆ ಹೊಲಿಗೆ,” ಎಂದಳು ಬ್ರೀಡಾ.

ಡೋನಲ್‌ನ ಸ್ವೆಟರೂ ಬಹಳ ಚೆನ್ನಾಗಿತ್ತು. ಮನೆಯ ನಾಯಿಗೂ ಅದೆಂದರೆ ಪ್ರಾಣವಂತೆ. ಇಷ್ಟು ಹೇಳಿ ಇಬ್ಬರೂ ಕೈಗವಸುಗಳ ಕಡೆ ಸರಿದರು, ಅಲ್ಲಿಂದ ಟೋಪಿಗಳ ಕಡೆ, ಅಲ್ಲಿಂದ ಬಾಗಿಲಾಚೆಗೆ.

“ನಿನ್ನ ಕತ್ತಿಗೇನಾಯ್ತಪ್ಪ?” ಎಂದರು ಮಿಸೆಸ್ ಗ್ಯಾರಿಹಿ.

ಫಿಂಟನ್ ಹೇಳಿದ. ಉಣ್ಣೆಯಲ್ಲದ ಉಣ್ಣೆ, ನೀರಿಳಿದದ್ದು, ಏಳು ಪುಸ್ತಕ, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕೋಟನ್ನು ಅವರ ಮುಂದಿಟ್ಟ. ಇನ್ನು ನನ್ನ ಸಾವಿಗೆ ಸ್ಯಾಂಡ್‌ವಿಚ್ ಬರುವುದಿಲ್ಲ ಎಂದುಕೊಂಡ.

ಮಿಸೆಸ್ ಗ್ಯಾರಿಹಿ ಕರವಸ್ತ್ರ ಒದ್ದೆ ಮಾಡಿ ಕೋಟಿನ ತೋಳಿಗೆ ಉಜ್ಜಿದರು. ಹಸಿರಾದ ಕರವಸ್ತ್ರವನ್ನು ನೋಡುತ್ತ ಸ್ಟೂಲಿನ ಮೇಲೆ ಕೂತರು.

“ಮೂವತ್ತು ವರ್ಷದಿಂದ ಬಂದೋರನ್ನೆಲ್ಲ ಕೇಳ್ತಾನೇ ಇದೀನಿ, ಫಿಂಟನ್. ಎಲ್ಲರೂ ತುಂಬ ಚೆನ್ನಾಗಿದೆ ಅಂದ್ರು. ಅದಕ್ಕೇ ಅದೇ ಕಾರ್ಖಾನೆಯಿಂದ ತರಿಸ್ತಾ ಬಂದೆ. ನಂಗೆ ಆ ಬಟ್ಟೆ ಒಂದು ದಿನಾನೂ ಹಿಡಿಸಿರಲಿಲ್ಲ. ನನ್ನ ಬಟ್ಟೇನ ನಾನು ಗಾಲ್ವೇ ಪೇಟೆಗೆ ಹೋಗಿ ತರ್ತೀನಿ. ಊರಿನ ರುಚಿ ಹೀಗಿರುವಾಗ ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ಮನಿದ್ದೆ.”

ಕೋಟು ಹಿಂದೆ ಕೊಟ್ಟು ಹಣ ತೆಗೆದುಕೊಂಡು ಹೋಗಲು ಬಂದವನು ಫಿಂಟನ್. ಆದರೆ ಮಿಸೆಸ್ ಗ್ಯಾರಿಹಿ ಆಗಲೇ ಒಳಗಿನಿಂದ ಒಂದು ದೊಡ್ಡ ಪೆಟ್ಟಿಗೆ ಎಳೆದು ತಂದಿದ್ದರು. ಬೇರೆ ಕಾರ್ಖಾನೆಯವರು ಮಾರಿ ನೋಡಿ ಎಂದು ತಾವಾಗಿಯೇ ಕಳಿಸಿದ ಸರಕು, ನಿನ್ನೆ ಬಂದದ್ದು. ಸಾಸಿವೆ ಬಣ್ಣದ ಹನ್ನೆರಡು ಕೋಟುಗಳು. ಇವು ಇನ್ನೂ ಮಾರಾಟಕ್ಕಿಲ್ಲ, ಒಂದನ್ನು ನೀನು ವಾರವಿಡೀ ಮಳೆಯಲ್ಲಿ ಹಾಕಿಕೊಂಡು ತಿರುಗಿ ಇದ್ದದ್ದನ್ನು ಇದ್ದ ಹಾಗೆ ಹೇಳು, ಚೆನ್ನಾಗಿದ್ದರೆ ಮಾರುತ್ತೇನೆ, ಹಳೆಯದಕ್ಕೆ ಬದಲಾಗಿ ಇದು ನಿನ್ನದೇ ಎಂದರು. ಊರಲ್ಲಿ ಕೇಳಬಹುದಾದವನು ನೀನೊಬ್ಬನೇ ಎಂದೂ ಸೇರಿಸಿದರು. ನನಗೆ ಹಣವೇ ಸಾಕು ಎಂಬ ಸತ್ಯ ಫಿಂಟನ್‌ನ ನಾಲಿಗೆಯ ತುದಿವರೆಗೂ ಬಂದು ಅಲ್ಲೇ ಕೂತುಬಿಟ್ಟಿತು. ಕೋಟು ಹಾಕಿಕೊಂಡ.

ಬ್ರೀಡಾ ಮತ್ತು ಡೋನಲ್ ಬೀದಿಯ ಮೂಲೆಯಲ್ಲಿ ಕಾಯುತ್ತಿದ್ದರು. ಹೇಗಿದೆ ಎಂದು ಕೇಳಿದರು.

“ಇನ್ನೂ ಗೊತ್ತಿಲ್ಲ. ಪರೀಕ್ಷೆ ಮಾಡು ಅಂತ ಕೊಟ್ಟಿದ್ದಾರೆ,” ಎಂದು ಫಿಂಟನ್ ಇದ್ದದ್ದನ್ನೇ ಹೇಳಿ ಲೈಬ್ರರಿಗೆ ನಡೆದ.

ಬ್ರೀಡಾ ಡೋನಲ್‌ನ ಮುಖ ನೋಡಿದಳು. ದೂರು ಹೇಳಲು ಹೋದವನು ಕಾಸು ಕೊಡದೆ ಹೊಸ ಕೋಟು ಹಾಕಿಕೊಂಡು ಬಂದಿದ್ದಾನೆ. ಅವನ ಬಾಯಿ ಮುಚ್ಚಿಸಲು ಅಂಗಡಿಯಲ್ಲಿದ್ದ ಒಳ್ಳೆಯ ಮಾಲನ್ನೇ ಕೊಟ್ಟಿರಬೇಕು. ಇಬ್ಬರೂ ಸೀದಾ ಅಂಗಡಿಗೆ ಹೋದರು. ಒಂದು ವಾರ ತಡೆಯಿರಿ, ಇವಿನ್ನೂ ಮಾರಾಟಕ್ಕಿಲ್ಲ ಎಂದು ಮಿಸೆಸ್ ಗ್ಯಾರಿಹಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ತಡೆಯಿರಿ ಎಂದದ್ದೇ ಊರಿಗೆ ಬೇರೆ ಅರ್ಥ ಕೊಟ್ಟಿತು: ಯಾರಿಗೋ ಎತ್ತಿಡುತ್ತಿದ್ದಾರೆ. ಸಂಜೆ ನಾಲ್ಕರೊಳಗೆ ಹನ್ನೊಂದು ಕೋಟುಗಳೂ ಖಾಲಿ.

ಫಿಂಟನ್ ಐದಕ್ಕೆ ಲೈಬ್ರರಿ ಮುಚ್ಚಿ ಹೊರಬಿದ್ದಾಗ ಮಳೆ ಹದವಾಗಿ ಹಿಡಿದಿತ್ತು. ಒಂದು ಹನಿ ಒಳಗಿಳಿಯಲಿಲ್ಲ. ಬಣ್ಣವೂ ಬಿಡಲಿಲ್ಲ. ಅಳತೆ ಕೊಟ್ಟು ಹೊಲಿಸಿದಂತೆ ಮೈಗೆ ಹಿಡಿದಿದೆ ಎಂದು ಅವನಿಗೆ ಬಹಳ ಸಂತೋಷವಾಯಿತು. ಸೇತುವೆಯ ಹತ್ತಿರ ಕೋಟು ಇನ್ನೂ ಸ್ವಲ್ಪ ಹಿಡಿಯಿತು. ಚರ್ಚಿನ ಹತ್ತಿರ ತೋಳುಗಳು ಮೊಣಕೈಗೆ ಏರಿದವು. ಮನೆ ಮುಟ್ಟುವಷ್ಟರಲ್ಲಿ ಭುಜ ಬಿಗಿದು ಎರಡೂ ಕೈ ಬೆದರುಬೊಂಬೆಯ ಹಾಗೆ ಅಡ್ಡಕ್ಕೆ ನಿಂತಿದ್ದವು. ಬಾಗಿಲನ್ನು ಹಣೆಯಿಂದ ಬಡಿಯಬೇಕಾಯಿತು.

ಹೆಂಡತಿ ನೋರೀನ್ ಎಳೆದು ನೋಡಿದಳು. ಗುಂಡಿಗಳು ಜಗ್ಗಲಿಲ್ಲ. ಕೊನೆಗೆ ಕತ್ತರಿ ತಂದಳು. ಕಾಲರಿಗೆ ಕತ್ತರಿ ತಾಗಿಸುವಷ್ಟರಲ್ಲಿ ಬಾಗಿಲಿಗೆ ಏನೋ ಮೆತ್ತಗೆ ಢಿಕ್ಕಿ ಹೊಡೆಯಿತು.

ಅದು ಬ್ರೀಡಾಳ ಹಣೆ. ಅವಳ ಹಿಂದೆ ಡೋನಲ್, ಅವನ ಹಿಂದೆ ಮೆಟ್ಟಿಲುದ್ದಕ್ಕೂ ಇನ್ನೂ ಒಂಬತ್ತು ಜನ, ಎಲ್ಲರೂ ಸಾಸಿವೆ ಬಣ್ಣದಲ್ಲಿ, ಎಲ್ಲರೂ ಕೈ ಅಗಲಿಸಿಕೊಂಡು.

“ನಿನ್ನನ್ನ ನಂಬಿ ತಗೊಂಡ್ವಿ, ಫಿಂಟನ್,” ಎಂದಳು ಬ್ರೀಡಾ.

“ಗೊತ್ತಿಲ್ಲ ಅಂತಲೇ ಹೇಳಿದ್ನಲ್ಲ.”

“ಹೇಳಿದೆ. ಆದ್ರೆ ನೀನೂ ನಮ್ಮ ಹಾಗೇ ಮಾತಾಡ್ತಿದೀಯ ಅಂದ್ಕೊಂಡ್ವಿ.”

ನೋರೀನ್ ಎಲ್ಲರನ್ನೂ ಒಳಗೆ ಕರೆದಳು. ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಬ್ಬೊಬ್ಬರೇ ಬರಬೇಕಾಯಿತು; ಕೂರಲು ಯಾರಿಗೂ ಆಗಲಿಲ್ಲ. ಅವಳು ಕೆಟಲ್ ಒಲೆಯ ಮೇಲಿಟ್ಟು, ಗಂಡನ ಕಾಲರಿನಿಂದ ಕತ್ತರಿ ತೆಗೆದು ಬ್ರೀಡಾಳತ್ತ ತಿರುಗಿದಳು. ಮನೆಗೆ ಬಂದವರನ್ನು ಕಾಯಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಫಿಂಟನ್‌ನ ಸರದಿ ಹನ್ನೆರಡನೆಯದಾಯಿತು.

ಬಿಡುಗಡೆಯಾದವರು ಕೈ ಕೊಡವಿಕೊಳ್ಳುತ್ತ ಚಹಾ ಕುಡಿದರು. ಬ್ರೀಡಾ ಫಿಂಟನ್‌ನ ಅಂಗೈಗೂ ಒಂದು ಲೋಟ ಇಟ್ಟಳು. ಬಾಯಿಗೂ ಅದಕ್ಕೂ ಒಂದು ಗಜ ದೂರ. ಅವನು ಅದರ ಹಬೆ ನೋಡುತ್ತ ನಿಂತ. ಒಂಬತ್ತನೆಯವರ ಹೊತ್ತಿಗೆ ಕತ್ತರಿ ಮೊಂಡಾಯಿತು.