ರಕ್ತದಲ್ಲಿನ ಗುರುತು ಕಳೆದುಕೊಂಡ ಬಾಲಕಿಯ ಬಗ್ಗೆ

ಸಂಖ್ಯೆ: ಮಕ್ಕಳ/ರಕ್ತ/ಗುರುತು/17(ಅ)/ತಿದ್ದಿದ್ದು

ಸುತ್ತೋಲೆ

ವಿಷಯ: ಶಾಲಾ ಮಕ್ಕಳ ರಕ್ತದಲ್ಲಿನ ಪ್ರೋಟೀನ್ ಗುರುತುಗಳನ್ನು ದಾಖಲಿಸುವ ಹಾಗೂ ಕಳೆದುಹೋಗದಂತೆ ನೋಡಿಕೊಳ್ಳುವ ಕುರಿತು.

ಉಲ್ಲೇಖ: 1) ಪ್ರಯೋಗಾಲಯದ ತಂತ್ರಜ್ಞೆಯ ವರದಿ.
2) ಸದರಿ ವರದಿ ಅರ್ಥವಾಗಿಲ್ಲವೆಂದು ಈ ಕಚೇರಿ ಬರೆದ ಪತ್ರ.
3) ಅರ್ಥವಾಗುವಂತೆ ತಂತ್ರಜ್ಞೆ ಬರೆದ ಎರಡನೇ ವರದಿ (ಇದೂ ಅರ್ಥವಾಗಿರುವುದಿಲ್ಲ).

ಪ್ರಸ್ತಾವನೆ: ಬಟ್ಟೆ ಹೊಲಿಯುವ ಮಹಿಳೆಯೊಬ್ಬರ ಹತ್ತು ವರ್ಷದ ಮಗಳು, ಮನೆಯಲ್ಲಿ 'ಗುಂಡು' ಎಂದೂ ಶಾಲೆಯಲ್ಲಿ ಇಲ್ಲಿ ಬರೆಯಲಾಗದ ಹೆಸರುಗಳಿಂದಲೂ ಕರೆಯಲ್ಪಡುತ್ತಾಳೆ. ಅತಿತೂಕದ ಜೊತೆಗೆ ಕಾಣಿಸುವ ಕೆಲವು ಪ್ರೋಟೀನುಗಳು (ವರದಿಯ ಭಾಷೆಯಲ್ಲಿ ಕಾಯಿಲೆಯ 'ಗುರುತುಗಳು') ಅವಳ ರಕ್ತದಲ್ಲಿ ಹೆಚ್ಚಿವೆಯೆಂದೂ, ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲವೆಂದೂ, ಈಗಲೇ ವೈದ್ಯರಿಗೆ ತೋರಿಸಿದರೆ ಸಕ್ಕರೆ ಕಾಯಿಲೆ ಬಾರದಂತೆ ತಡೆಯಬಹುದೆಂದೂ ವರದಿಯಾಗಿದೆ. ವೈದ್ಯರಲ್ಲಿಗೆ ಕಳುಹಿಸಲು ಈ ಕಚೇರಿಯ ಮೊಹರು ಬೇಕಾಗಿದ್ದು, ತಾಯಿ ಅದಕ್ಕಾಗಿ ಹನ್ನೊಂದು ಸಲ ಬಂದಿರುತ್ತಾರೆ. ಆದುದರಿಂದ ಕೆಳಕಂಡಂತೆ ಸೂಚಿಸಲಾಗಿದೆ:

1. ಶಾಲಾ ದಾಖಲಾತಿ ಪುಸ್ತಕದಲ್ಲಿ 'ಗುರುತುಗಳು' ಎಂಬ ಅಂಕಣ ಇದ್ದೇ ಇದೆ. ಕೆನ್ನೆಯ ಮಚ್ಚೆ, ಮೊಣಕಾಲಿನ ಗಾಯದ ಕಲೆ ಮುಂತಾದವುಗಳ ಕೆಳಗೆ ಪ್ರೋಟೀನ್ ಗುರುತನ್ನೂ, ಎಡಕ್ಕೋ ಬಲಕ್ಕೋ ಎಂಬುದನ್ನು ನಮೂದಿಸಿ, ಬರೆಯತಕ್ಕದ್ದು. (ಸದರಿ ಬಾಲಕಿಯದನ್ನು ಬರೆದಾಗಿದೆ.)

2. ಗುರುತು ಬರಿಗಣ್ಣಿಗೆ ಕಾಣತಕ್ಕದ್ದು. ಗುಮಾಸ್ತರು ರಕ್ತದ ಸೀಸೆಯನ್ನು ಕಿಟಕಿಗೆ ಹಿಡಿದು ನೋಡಿದರೂ ಏನೂ ಕಾಣದ್ದರಿಂದ ಮೊಹರು ಹಾಕದೆ ವರದಿಯನ್ನು ಪ್ರಯೋಗಾಲಯಕ್ಕೆ ಹಿಂದಿರುಗಿಸಲಾಗಿದೆ. ಆಗ ತಂತ್ರಜ್ಞೆ, "ಅದೇನು ಮಚ್ಚೇನಾ ಸಾರ್ ಕಾಣೋಕೆ? ನೀವು ಕನ್ನಡಕ ಬದಲಾಯಿಸಿದ್ರೂ ಕಾಣಲ್ಲ" ಎಂದಿದ್ದು, ಕನ್ನಡಕ ಬದಲಾವಣೆಯ ಪ್ರಸ್ತಾವ ಪ್ರತ್ಯೇಕವಾಗಿ ಪರಿಶೀಲನೆಯಲ್ಲಿದೆ.

3. ಮಾತು ಕೇಳದಿರುವುದು ಅವಿಧೇಯತೆಯಾದ್ದರಿಂದ ಆ ಭಾಗವನ್ನು ಶಿಸ್ತು ಶಾಖೆಗೆ ವರ್ಗಾಯಿಸಲಾಗಿದೆ. ಇನ್ಸುಲಿನ್ ಎಂಬುವವರು ತಮ್ಮ ಹುದ್ದೆ ತಿಳಿಸಿ, ಯಾವ ಮಾತನ್ನು ಕೇಳಲಿಲ್ಲವೆಂದು ಲಿಖಿತ ದೂರು ಸಲ್ಲಿಸತಕ್ಕದ್ದು.

4. ವಿಚಾರಣೆ ಮುಗಿಯುವವರೆಗೆ ಬಾಲಕಿ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ತೂಕ ಏರತಕ್ಕದ್ದಲ್ಲ, ಇಳಿಯತಕ್ಕದ್ದಲ್ಲ. ಎತ್ತರದ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಇದಕ್ಕೆ ತಾಯಿ, "ಬೆಳೆಯೋ ಹುಡುಗಿ ಸಾರ್ ಇವಳು. ಎರಡು ತಿಂಗಳಿಗೊಂದ್ಸಲ ಫ್ರಾಕಿನ ಹೊಲಿಗೆ ಬಿಚ್ತಾ ಇದ್ದೀನಿ, ನಿಮ್ಮ ಕಡತ ಬಿಚ್ಚೋದು ಯಾವಾಗ?" ಎಂದು ಕೇಳಿರುತ್ತಾರೆ. ಕಡತಕ್ಕೆ ಹೊಲಿಗೆ ಇರುವುದಿಲ್ಲ, ದಾರವಿರುತ್ತದೆ ಎಂದು ಉತ್ತರಿಸಲಾಗಿದೆ.

5. ಹೀಗಿರುವಾಗ ತಂತ್ರಜ್ಞೆ ಹಳೆಯ ಲಕೋಟೆಯ ಹಿಂಬದಿಯಲ್ಲಿ ನಾಲ್ಕು ಸಾಲು ಗೀಚಿಕೊಟ್ಟು, ತಾಯಿ ಅದನ್ನೇ ಹಿಡಿದು ಮಗಳೊಂದಿಗೆ ವೈದ್ಯರ ಬಳಿ ಹೋಗಿ, ಸದರಿ ವೈದ್ಯರು ಮೊಹರನ್ನು ಕೇಳದೆಯೇ ಮಗುವನ್ನು ನೋಡಿರುತ್ತಾರೆ. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಗುರುತುಗಳು ಇಳಿದಿರುತ್ತವೆ. "ಅಕ್ಕಾ, ಮಾತು ಕೇಳ್ತಾ ಇದೆ ಕಣಕ್ಕಾ!" ಎಂದು ತಂತ್ರಜ್ಞೆ ಕಚೇರಿ ಆವರಣದಲ್ಲಿ ಕೂಗಿದ್ದಕ್ಕೂ, ತಾಯಿ ಬೆಂಚಿನ ಮೇಲೆ ಕೂತು, ಅನುಮತಿಯಿಲ್ಲದೆ ಅತ್ತಿದ್ದಕ್ಕೂ ಸಾಕ್ಷಿಗಳಿದ್ದಾರೆ.

6. ದಾಖಲೆಯಲ್ಲಿರುವ ಗುರುತನ್ನು ಅಳಿಸುವುದು ಗಂಭೀರ ಅಪರಾಧ. ಪುಸ್ತಕದ ಬಾಲಕಿಗೂ ಈಗಿನ ಬಾಲಕಿಗೂ ತಾಳೆಯಾಗುತ್ತಿಲ್ಲ. ಏಳು ದಿನಗಳೊಳಗೆ ತಾಯಿ ಗುರುತುಗಳನ್ನು ಮೊದಲಿದ್ದಂತೆ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಹಳೆಯ ಬಾಲಕಿಯನ್ನು ಕಾಣೆಯಾದವಳೆಂದು ಘೋಷಿಸಿ, ಈಗಿನವಳ ಕೈಯಲ್ಲೇ ಹುಡುಕಿಸಲಾಗುವುದು.

(ಸಹಿ ಇದೆ, ಯಾರದೆಂದು ತಿಳಿದುಬಂದಿಲ್ಲ)
ಉಪನಿರ್ದೇಶಕರ ಪರವಾಗಿ

ಪ್ರತಿಗಳು:
1. ಮುಖ್ಯೋಪಾಧ್ಯಾಯಿನಿಗೆ, ಮುಂದಿನ ಆದೇಶದವರೆಗೆ ಬಾಲಕಿಯರು ಇಬ್ಬರೆಂದು ಭಾವಿಸಿ ಹಾಜರಿ ಕರೆಯಲು.
2. ವೈದ್ಯರಿಗೆ, ವಿಷಾದದೊಂದಿಗೆ.
3. ತಾಯಿಗೆ, ಓದಿಕೊಂಡು ಹೆದರುವ ಸಲುವಾಗಿ.
4. ಬಾಲಕಿಗೆ, ಖುದ್ದಾಗಿ. (ಷರಾ: ಪ್ರತಿ ತಲುಪಿಸಲು ಹೋದ ಜವಾನರು ಮೂರು ಬೀದಿಗಳವರೆಗೆ ಹಿಂದೆಯೇ ಓಡಿದರೂ ಬಾಲಕಿ ಕೈಗೆ ಸಿಕ್ಕಿರುವುದಿಲ್ಲ. ಜಾರಿಯಾಗದೆ ವಾಪಸು.)