ರಾತ್ರಿಗಿಲ್ಲದ ಜೋಡಿ

ಆ ಗುರುವಾರ ಬೆಳಗ್ಗೆ ಅಕ್ಕಲಕೋಟದ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸ್ವಾಮಿಯ ಗುಡಿಯ ಶಿಖರವೇ ಕಂಬಳಿ ಹೊದ್ದು ಮಲಗಿದಂತಿತ್ತು. ರಾತ್ರಿಪಾಳಿ ಮುಗಿಸಿ ಬಂದ ಕಾವಲುಗಾರ ನಾಗಣ್ಣ ಕಟ್ಟೆಯ ಮೇಲೆ ಕೂತು ಮಗಳಿಂದ ಇಂಗ್ಲಿಷ್ ಕಲಿಯುತ್ತಿದ್ದ.

“ಮುಂಜಾನಿಗಿ, ಸಂಜಿಗಿ ಮುಂದ ‘ದಿ’ ಹಚ್ಚಬೇಕಪ್ಪಾ. ಇನ್ ದಿ ಮಾರ್ನಿಂಗ್, ಇನ್ ದಿ ಈವ್ನಿಂಗ್. ರಾತ್ರಿಗಿ ಹಚ್ಚಬಾರ್ದು. ಆ್ಯಟ್ ನೈಟ್, ಅಷ್ಟ,” ಎಂದಳು ಶುಭಾಂಗಿ.

“ಪಾಪ, ರಾತ್ರಿಗಷ್ಟ ಯಾರೂ ಜೋಡಿ ಇಲ್ಲೇನವ್ವ?”

ಒಳಗೆ ಲಕ್ವ ಹೊಡೆದು ಮಲಗಿದ್ದ ಹೆಂಡತಿ ಉಮಾಬಾಯಿ ಕೆಮ್ಮಿದಳು. ಕತ್ತಲಾದರೆ ಅವಳಿಗೆ ಹೆದರಿಕೆ. ಬೆಳಗಾಗುವ ತನಕ ಗಂಡನನ್ನು ಕರೆಯುತ್ತಲೇ ಇರುತ್ತಿದ್ದಳು. ಅದಕ್ಕೇ ನಾಗಣ್ಣನಿಗೆ ಹಗಲಿನ ಕೆಲಸ ಬೇಕಿತ್ತು. ಸೊಲ್ಲಾಪುರದಾಚೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಗೋದಾಮಿನ ಗೇಟಿಗೆ ಜನ ಬೇಕಂತೆ, ಇಂಗ್ಲಿಷ್‌ನಲ್ಲಿ ಕೇಳುತ್ತಾರಂತೆ ಎಂದು ಸುದ್ದಿ ತಂದವನು ಕೆಲಸವಿಲ್ಲದೆ ಕೂತಿದ್ದ ನೆರೆಮನೆಯ ಕಾಮಣ್ಣ. ತನ್ನ ಬೂಟನ್ನೂ ಕೊಟ್ಟ. ಬೂಟಿನ ಹಿಂದೆ ತಾನೂ ಚಪ್ಪಲಿ ಮೆಟ್ಟಿ ಹೊರಟ.

ಬೂಟು ಬಿಗಿ. ನಾಗಣ್ಣ ಕಾದ ಹಂಚಿನ ಮೇಲಿನ ಕೋಳಿಯಂತೆ ಬಸ್ ಹತ್ತಿದ.

“ನಮ್ಮ ನಾಗಣ್ಣ ಇಂಗ್ಲಿಷ್‌ದಾಗ ಇಂಟರ್ವ್ಯೂ ಕೊಡಾಕ ಹೊಂಟಾನ್ರೋ!” ಎಂದು ಕಾಮಣ್ಣ ಡಂಗುರ ಸಾರಿದ.

“ಬೋಲಾ ಕಾಕಾ, ಮಾತಾಡ್ರಿ!” ಎಂದ ಕಂಡಕ್ಟರ್.

ಸೊಲ್ಲಾಪುರ ಬರುವಷ್ಟರಲ್ಲಿ ಇಡೀ ಬಸ್ಸು ‘ಇನ್ ದಿ ಮಾರ್ನಿಂಗ್’ ಎಂದು ಒಕ್ಕೊರಲಿನಲ್ಲಿ ಹಾಡುತ್ತಿತ್ತು. ಮುಂದಿನ ಸೀಟಿನ ಅಜ್ಜಿ ಯಾವುದೋ ಭಜನೆಯೆಂದು ಕೈಮುಗಿದಳು.

ಗೋದಾಮಿನ ಸಾಹೇಬರು, “ವೆನ್ ಕ್ಯಾನ್ ಯು ವರ್ಕ್?” ಎಂದರು.

“ಇನ್ ದಿ ಮಾರ್ನಿಂಗ್ ಸರ್! ನಾಟ್ ಆ್ಯಟ್ ನೈಟ್!”

ಒಂದು ಅಕ್ಷರ ತಪ್ಪಲಿಲ್ಲ. ಸಾಹೇಬರ ಮುಖ ಅರಳಿತು.

“ಭಲೇ! ಪರದೇಶದ ಗಿರಾಕಿಗೋಳ ಫೋನ್ ಬರೂದು ರಾತ್ರಿನೇ. ನಿಮ್ಮಂಥಾವ್ರು ಆವಾಗ ಬೇಕ್ರಿ.”

“ಸಾಹೇಬ್ರ, ನನಗ ಹಗಲಿ ಕೆಲಸ ಬೇಕ್ರಿ…”

“ಹಗಲಿಗಿ ಇಂಗ್ಲಿಷ್ ಯಾಕ್ರಿ? ಇವ್ರೂ ಸಾಕು,” ಎಂದು ಅವರು ಬಾಗಿಲಲ್ಲಿ ನಿಂತ ಕಾಮಣ್ಣನತ್ತ ತಿರುಗಿದರು. “ಏನ್ರಿ, ನಾಳಿಂದ ಬರ್ತೀರೇನು?”

ಕಾಮಣ್ಣ ಬಾಯಿತಪ್ಪಿ, “ಹೂಂರಿ,” ಎಂದುಬಿಟ್ಟ.

ರಾತ್ರಿಯ ಕೆಲಸವಾದರೆ ನಾಗಣ್ಣನಿಗೆ ಊರಲ್ಲೇ ಇತ್ತು. ಅವನು ಕೈಮುಗಿದು ಹೊರಬಂದ.

ಸಂಜೆ ಊರಿಗೆ ಮರಳಿದ ಮೇಲೆ ಕಾಮಣ್ಣ ನಾಗಣ್ಣನ ಕಟ್ಟೆಯ ಹತ್ತಿರ ಬಂದು ನಿಂತ.

“ಸಾಹೇಬ್ರಿಗಿ ನಾ ಒಲ್ಲೆ ಅಂತೀನೋ ನಾಗಣ್ಣ.”

“ಹುಚ್ಚಪ್ಪಾ, ಸ್ವಾಮಿ ನಿನಗ ಕೊಟ್ಟಾನ. ಮಕ್ಕಳು ಉಣ್ಲಿ.”

ಒಳಗಿನಿಂದ ಉಮಾಬಾಯಿ ಕೇಳಿದಳು: “ಬಂದ್ರೇನ್ರಿ? ಇನ್ನ ರಾತ್ರಿ ಮನ್ಯಾಗ ಇರ್ತೀರಲ್ಲಾ?”

ನಾಗಣ್ಣ ಬೂಟು ಬಿಚ್ಚಿ, ಹೆಗಲ ಟವೆಲ್ಲಿನಿಂದ ಧೂಳು ಒರೆಸಿ, ಕಾಮಣ್ಣನ ಕೈಗಿಟ್ಟ.

“ತಗೋ. ಮುಂಜಾನಿಗಿ ಬೇಕಾಗ್ತಾವ.”